ನಾಲ್ಕ ಮಂದಿ ಏನಂತಾರ?

2024ರ ಮೇ ತಿಂಗಳು ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಇದ್ದವರು ಒಂದು ಮಜಾ ನೋಡಿರಬೇಕು. 2024ರ ಮೇ 7ಕ್ಕೆ ಚಿಕ್ಕೋಡಿ ಲೋಕಸಭಾ ಕ್ಷೇತ್ರದ ಮತದಾನ ಇತ್ತು. ಬೆಳಗ್ಗೆಯಿಂದ ಸಂಜೆ ತನಕ ಬರೀ ಬೆರಳಿನ ಫೋಟೋ. ನಿಪ್ಪಾಣಿಯ ಬೆರಳು, ರಾಯಬಾಗದ ಬೆರಳು, ಅಥಣಿಯ ಅಜ್ಜಿಯ ಬೆರಳು, ಕಾಗವಾಡದ ಹೊಸ ಜೋಡಿಯ ಎರಡು ಬೆರಳು. 'ನಂದಾತು, ನಿಂದು?' ಅಂತ ಒಬ್ಬರಿಗೊಬ್ಬರು ಕೇಳಿದ್ದೇ ಕೇಳಿದ್ದು. ಬಿಸಿಲು ಸುಡುತ್ತಿದ್ದರೂ ಶೇ. 78ರ ಆಸುಪಾಸು ಮತದಾನ ಆಯಿತು. ಯಾರೂ ಯಾರನ್ನೂ ಎಳಕೊಂಡು ಹೋಗಲಿಲ್ಲ. ಎಲ್ಲರ ಬೆರಳೂ ಕರ್ರಗಾದಾಗ ತನ್ನದೊಂದು ಬೆಳ್ಳಗಿದ್ದರೆ ಮನುಷ್ಯನಿಗೆ ಸಮಾಧಾನ ಇರಲ್ಲ, ಅಷ್ಟೇ.

ಅದೇ ದಿನಗಳಲ್ಲಿ, ಅದೇ ಗ್ರೂಪುಗಳಲ್ಲಿ ಇನ್ನೊಂದು ಮಾಲು ಹರಿದಾಡುತ್ತಿತ್ತು. ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ನಿನ ಕೋರ್ಟಿಗೆ ಕೊಟ್ಟ ಕಾಗದದಲ್ಲಿ, ತನ್ನ ಕೊರೊನಾ ಲಸಿಕೆಯಿಂದ ಅತಿ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದು ಅಂತ ಒಪ್ಪಿಕೊಂಡಿತ್ತು. ಅದೇ ಲಸಿಕೆ ನಮ್ಮಲ್ಲಿ ಕೋವಿಶೀಲ್ಡ್. ಸುದ್ದಿ ಬಂದದ್ದೇ ತಡ, 'ನಾವ ಆವಾಗ ಹೇಳಿದ್ದಿಲ್ಲ?' ಅನ್ನೋರು ಎದ್ದು ಕೂತರು. ಮೂರು ವರ್ಷದಲ್ಲಿ ಊರಲ್ಲಿ ಸತ್ತವರ ಲೆಕ್ಕವೆಲ್ಲ ಲಸಿಕೆಯ ಖಾತೆಗೆ ಬಿತ್ತು. ಆ ತೊಂದರೆ ಬರೋದಿದ್ದರೆ ಡೋಸು ತಗೊಂಡ ಕೆಲವು ವಾರಗಳೊಳಗೇ ಬರುತ್ತೆ, ಮೂರು ವರ್ಷ ಆದಮೇಲೆ ಅಲ್ಲ ಅಂತ ಒಬ್ಬರೂ ಬರೆಯಲಿಲ್ಲ. ಅದು ಬಿಡಿ, ಅದಕ್ಕೆ ಓದಿಕೊಂಡಿರಬೇಕು. 'ನಾನೂ ಎರಡು ಡೋಸ್ ತಗೊಂಡೀನಿ, ಆರಾಮ ಕಬ್ಬು ಕಡಿಯಾಕತ್ತೀನಿ' ಅಂತ ಬರೆಯೋಕೆ ಏನು ಓದಬೇಕಿತ್ತು? ಇನ್ನೂರು ಮಂದಿಯ ಗ್ರೂಪು. ಬಹುತೇಕ ಎಲ್ಲರೂ ಲಸಿಕೆ ತಗೊಂಡವರು. ಮಾತಾಡಿದವರು ನಾಲ್ಕು ಜನ, ನಾಲ್ವರೂ ವಿರೋಧಿಗಳು. ಉಳಿದವರದ್ದು ಗಪ್‌ಚುಪ್.

ಈ ಲೇಖನ ಆ ನಾಲ್ವರ ವಿರುದ್ಧ ಅಲ್ಲ. ಸುಮ್ಮನೆ ಕೂತ ನೂರಾ ತೊಂಬತ್ತಾರು ಮಂದಿಯ ವಿರುದ್ಧ.

ಅಜ್ಞಾನ ಅನ್ನೋ ಸೋಂಬೇರಿ ಉತ್ತರ

ಹಳ್ಳಿಯವರು ಲಸಿಕೆಗೆ ಹಿಂದೇಟು ಹಾಕಿದರೆ ಬೆಂಗಳೂರಿನ ಕಡೆಯಿಂದ ಒಂದೇ ಉತ್ತರ ಬರುತ್ತೆ: ಅಜ್ಞಾನ, ಮೂಢನಂಬಿಕೆ, ಅರಿವಿನ ಕೊರತೆ. ಆಫೀಸಿನ ಊಟದ ಟೇಬಲ್ಲಿನಲ್ಲಿ 'ನಿಮ್ಮ ಕಡೆ ಜನ ಯಾಕೆ ಹೀಗೆ?' ಅಂತ ಕೇಳಿಸಿಕೊಂಡು ಸಾಕಾಗಿದೆ. ಆಮೇಲೆ ಪರಿಹಾರವೂ ರೆಡಿ ಇರುತ್ತೆ: ಅರಿವು ಮೂಡಿಸಿ. ಅಂದರೆ ಒಂದು ಫ್ಲೆಕ್ಸು, ಒಂದು ಜಾಥಾ, ಶಾಲೆ ಮಕ್ಕಳ ಕೈಗೊಂದು ಘೋಷಣೆ, ಆಟೋ ಮೇಲೊಂದು ಮೈಕು.

ಸ್ವಲ್ಪ ಲೆಕ್ಕ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಎಲ್ಲ ಮೂಲ ಲಸಿಕೆಗಳನ್ನು ಪಡೆದವರ ಪ್ರಮಾಣ 2015-16ರಲ್ಲಿ ಶೇ. 63ರ ಆಸುಪಾಸು ಇತ್ತು. ಮುಂದಿನ ಸುತ್ತಿನಲ್ಲಿ, ಅಂದರೆ ಕೊರೊನಾಕ್ಕೆ ಸ್ವಲ್ಪ ಮುಂಚೆ, ಅದು ಶೇ. 84ಕ್ಕೆ ಬಂತು. ಅಷ್ಟೂ ತಾಯಂದಿರು ಪೆಂಟಾವೇಲೆಂಟ್ ಅಂದರೆ ಯಾವ ಐದು ರೋಗಕ್ಕೆ ಅಂತ ಓದಿಕೊಂಡು ಬಂದರಾ? ಇಲ್ಲ. ಮಗುವಿಗೆ ಒಂದೂವರೆ ತಿಂಗಳಾದ ಕೂಡಲೇ ಅತ್ತೆ ಕೇಳ್ತಾಳೆ, ಬಾಜೂ ಮನೆಯಾಕೆ ಕೇಳ್ತಾಳೆ, ಆಶಾ ಅಕ್ಕ ಬಾಗಿಲಿಗೆ ಬರ್ತಾಳೆ: 'ಸೂಜಿ ಹಾಕ್ಸಿದ್ಯೋ ಇಲ್ಲೋ?' ಹಾಕಿಸದಿದ್ದರೆ ಉತ್ತರ ಕೊಡಬೇಕಾದವಳು ತಾಯಿ. ಹಾಕಿಸೋದು ರೂಢಿ, ಬಿಡೋದು ಸುದ್ದಿ.

2021ರಲ್ಲಿ ಇದು ತಿರುಗಾಮುರುಗಾ ಆಯಿತು. ಅದೇ ಮನೆ, ಅದೇ ಜನ, ಅದೇ ಆಶಾ ಅಕ್ಕ, ಅದೇ ಪಿಎಚ್‌ಸಿ. ಮೊಮ್ಮಗನನ್ನು ಎತ್ತಿಕೊಂಡು ಹೋಗಿ ಬಿಸಿಜಿ ಹಾಕಿಸಿದ ಅಜ್ಜ, ತನ್ನ ಸರದಿ ಬಂದಾಗ ಹೊಲದ ಕಡೆ ಹೋಗಿಬಿಟ್ಟ. ಎರಡು ವರ್ಷದಲ್ಲಿ ಅಜ್ಜನ ಜ್ಞಾನ ಕಡಿಮೆ ಆಯಿತೇ? ಇಲ್ಲ. ಈ ಸೂಜಿಗೆ ಇನ್ನೂ ಊರಲ್ಲಿ ರೂಢಿ ಹುಟ್ಟಿರಲಿಲ್ಲ. ಹಾಕಿಸಿಕೊಂಡರೆ ಉತ್ತರ ಕೊಡಬೇಕಾದವನು ಅವನೇ: 'ಯಾಕ ಹೋದಿ? ಏನರ ಆದ್ರ ಯಾರು?' ನನ್ನ ಪ್ರಕಾರ ನಮ್ಮ ಮಂದಿ ಸೂಜಿಗೆ ಹೆದರಲಿಲ್ಲ. ಒಬ್ಬಂಟಿ ಆಗೋದಕ್ಕೆ ಹೆದರಿದರು.

'ಜನ ಮರುಳೋ ಜಾತ್ರೆ ಮರುಳೋ' ಅಂತ ಗಾದೆ ಹೇಳಿ ನಗಬೇಡಿ. ಬೆಂಗಳೂರಿನವರು ಬೇರೆ ಏನಲ್ಲ. ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಎಲ್ಲರೂ ಸ್ಲಾಟ್ ಸಿಕ್ಕಿತು ಅಂತ ಹಾಕಿಕೊಂಡಾಗ ಅವರೂ ಓಡಿದರು. ಅವರೂ ವೈರಾಣು ಶಾಸ್ತ್ರ ಓದಿ ಹೋದವರಲ್ಲ, ಪಕ್ಕದ ಫ್ಲ್ಯಾಟಿನವನನ್ನು ನೋಡಿ ಹೋದವರು. ಅವರ ನಾಲ್ಕು ಮಂದಿ ಒಂದು ದಿಕ್ಕಿಗೆ ನಡೆದರು, ನಮ್ಮ ನಾಲ್ಕು ಮಂದಿ ಇನ್ನೊಂದು ದಿಕ್ಕಿಗೆ. ಅದನ್ನೇ ಒಂದು ಕಡೆ ಜಾಗೃತಿ ಅಂತೀರಿ, ಇನ್ನೊಂದು ಕಡೆ ಮೂಢನಂಬಿಕೆ ಅಂತೀರಿ. ಇದ್ಯಾವ ನ್ಯಾಯ ರೀ?

ಕಾಣೋ ಕಲೆ, ಕಾಣದ ಸರ್ಟಿಫಿಕೇಟು

ನಮ್ಮ ಊರಿನ ಹಿರಿಯರ ತೋಳು ನೋಡಿ. ಮೇಲ್ಭಾಗದಲ್ಲಿ ದುಂಡಗಿನ ಕಲೆ ಇರುತ್ತೆ. 'ದೇವಿ ಹಾಕಿಸಿದ್ದು' ಅಂತಾರೆ. ಸಿಡುಬಿಗೆ ನಮ್ಮ ಕಡೆ ದೇವಿ ಅಂತ ಹೆಸರು, ಅದರ ಲಸಿಕೆಗೂ ಅದೇ ಹೆಸರು. ರೋಗವನ್ನು ದೇವರು ಅಂತ ನಂಬಿದ್ದ ಜನ, ಅದೇ ದೇವರ ಹೆಸರಿಟ್ಟು ಲಸಿಕೆಯನ್ನೂ ಒಳಗೆ ಬಿಟ್ಟುಕೊಂಡರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಜಗತ್ತಿನಿಂದಲೇ ಹೋಯಿತು ಅಂತ ಘೋಷಿಸಿತು. ಆ ಕಲೆಯ ದೊಡ್ಡ ಗುಣ ಏನು ಗೊತ್ತಾ? ಅದು ಕಾಣುತ್ತಿತ್ತು. ಹೊಲದಲ್ಲಿ, ಕೆರೆಯಲ್ಲಿ, ಗರಡಿಮನೆಯಲ್ಲಿ ಅಂಗಿ ಬಿಚ್ಚಿದರೆ ಸಾಕು, ಯಾರು ಹಾಕಿಸಿದ್ದಾರೆ ಅಂತ ಊರಿಗೇ ಗೊತ್ತು.

ಇದನ್ನು ಎರಡು ಶತಮಾನದ ಹಿಂದೆಯೇ ಯಾರೋ ಅರಿತಿದ್ದರು ಅನ್ನಿಸುತ್ತೆ. 1805ರ ಸುಮಾರಿಗೆ ತಾಮಸ್ ಹಿಕಿ ಬರೆದ ಮೈಸೂರಿನ ರಾಣಿಯರ ತೈಲಚಿತ್ರ ಒಂದಿದೆ. ಅದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಸೀರೆ ಸರಿಸಿ ತೋಳು ತೋರಿಸುತ್ತಿರೋದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನೇ ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಅವರ ವಾದ ಸರಿಯಾದರೆ, ಅರಮನೆಯ ಹೆಣ್ಣುಮಗಳು ತೋಳು ತೋರಿಸಿದ್ದು ಒಂದು ಲಕ್ಷ ಫ್ಲೆಕ್ಸಿಗೆ ಸಮ.

ಪೋಲಿಯೋ ಹನಿ ಹಾಕಿದ ಮೇಲೆ ಮಗುವಿನ ಎಡಗೈ ಕಿರುಬೆರಳಿಗೆ ಮಾರ್ಕರಿನಿಂದ ಗುರುತು ಹಾಕ್ತಾರಲ್ಲ, ಅದು ಕಾರ್ಯಕರ್ತರ ಲೆಕ್ಕಕ್ಕೆ ಅಂತ ಇದ್ದದ್ದು. ಆದರೆ ಓಣಿಯ ಮಕ್ಕಳೆಲ್ಲ ಬೆರಳು ತೋರಿಸಿಕೊಂಡು ಓಡಾಡುವಾಗ ಗುರುತಿಲ್ಲದ ಮಗು ತಾನೇ ಅಳ್ತಾ ಅವ್ವನ ಕೈ ಎಳೀತದೆ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೋ ಮುಕ್ತ ಅನ್ನೋ ಪ್ರಮಾಣಪತ್ರ ಸಿಕ್ಕಿತು. ಅದರಲ್ಲಿ ಆ ಮಸಿಗೂ ಒಂದು ಪಾಲು ಇದೆ ಅಂತ ನನ್ನ ನಂಬಿಕೆ.

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನಿನಲ್ಲಿ ಆನ್ ಕಾರಿಂಗ್ ಅನ್ನೋ ಅರ್ಥಶಾಸ್ತ್ರಜ್ಞೆ ಇದನ್ನೇ ಪ್ರಯೋಗ ಮಾಡಿ ನೋಡಿದರು. ಲಸಿಕೆ ಹಾಕಿಸಿದ ಮಗುವಿನ ಕೈಗೆ ಬಣ್ಣದ ಬಳೆ. ಡೋಸುಗಳು ಮುಂದುವರಿದಂತೆ ಬಣ್ಣ ಬದಲಾಗುತ್ತೆ. ಬಳೆ ನೋಡಿದವರಿಗೆ ಆ ಮಗುವಿಗೆ ಎಲ್ಲಿಯವರೆಗೆ ಲಸಿಕೆ ಆಗಿದೆ ಅಂತ ಗೊತ್ತಾಗುತ್ತೆ. ಹೀಗೆ ಮಾಡಿದ ಕಡೆ ಕೊನೆಯ ಡೋಸುಗಳನ್ನೂ ಸಮಯಕ್ಕೆ ಮುಗಿಸಿದ ಮಕ್ಕಳು ಹೆಚ್ಚಾದರು. ಬಳೆಯ ಆಸೆಗೆ ಅಲ್ಲ, ಯಾಕಂದರೆ ಬಣ್ಣಕ್ಕೆ ಅರ್ಥವೇ ಇಲ್ಲದ ಬಳೆ ಅಷ್ಟು ಕೆಲಸ ಮಾಡಲಿಲ್ಲ. 'ಈಕೆ ಮಗುವನ್ನು ಚೆನ್ನಾಗಿ ನೋಡ್ಕೋತಾಳೆ' ಅಂತ ನಾಲ್ಕು ಮಂದಿಗೆ ಕಾಣಬೇಕು, ಅದಕ್ಕೆ.

ಈಗ ನಮ್ಮ 2021ಕ್ಕೆ ಬನ್ನಿ. ನಾನು ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯೋನು, ಹಾಗಾಗಿ ಈ ಮಾತು ಹೇಳೋಕೆ ನನಗೆ ಹಕ್ಕಿದೆ. ಕೋವಿನ್ ಅನ್ನೋದು ತಾಂತ್ರಿಕವಾಗಿ ದೊಡ್ಡ ಸಾಧನೆ. ಅಷ್ಟು ಕೋಟಿ ಡೋಸುಗಳ ಲೆಕ್ಕ ಇಡೋದು ಹುಡುಗಾಟ ಅಲ್ಲ. ಆದರೆ ಅದು ಲಸಿಕೆಯನ್ನು ಒಬ್ಬೊಬ್ಬರ ಫೋನಿನೊಳಗಿನ ಗುಟ್ಟು ಮಾಡಿತು. ಪ್ರಮಾಣಪತ್ರ ಪಿಡಿಎಫ್. ಅದನ್ನು ನೋಡೋರು ಏರ್‌ಪೋರ್ಟಿನವರು, ಮಾಲಿನ ಸೆಕ್ಯುರಿಟಿಯವರು. ಊರಿನ ಕಟ್ಟೆ ಮೇಲೆ ಕೂತವರಿಗೆ ಯಾರದ್ದು ಆಗಿದೆ, ಯಾರದ್ದಿಲ್ಲ ಅನ್ನೋದು ಕಾಣಲೇ ಇಲ್ಲ. ಅದರ ಮೇಲೆ, 2021ರ ಮೇ 1ಕ್ಕೆ 18 ದಾಟಿದವರಿಗೆಲ್ಲ ಬಾಗಿಲು ತೆರೆದಾಗ ಆನ್‌ಲೈನ್ ನೋಂದಣಿ ಕಡ್ಡಾಯ. ಕೇಂದ್ರಕ್ಕೇ ಹೋಗಿ ಹೆಸರು ಬರೆಸಬಹುದು ಅಂತ ಹೇಳಿದ್ದು ಮೇ 24ಕ್ಕೆ. ನಮ್ಮಂಥವರು ಸ್ಕ್ರಿಪ್ಟ್ ಬರೆದು ಸ್ಲಾಟ್ ಹಿಡಿಯೋ ಕಾಲದಲ್ಲಿ ಕೀಪ್ಯಾಡ್ ಫೋನಿನ ಗೆಳೆಯರ ಪಾಲಿಗೆ ಅದು 'ಕಂಪ್ಯೂಟರ್ ಮಂದಿಯ ಸೂಜಿ' ಆಯಿತು. 'ಇದು ನಮ್ಮಂಥವರಿಗೆ ಅಲ್ಲ' ಅನ್ನೋ ಭಾವನೆ ಒಮ್ಮೆ ಹೊಕ್ಕರೆ ಅದನ್ನು ತೆಗೆಯೋದು ಭಾಳ ಕಷ್ಟ.

ಸರಕಾರವೂ ಒಂದು ಸನ್ನೆ

ಜನ ಪಕ್ಕದ ಮನೆಯನ್ನಷ್ಟೇ ನೋಡೋದಿಲ್ಲ, ಸರಕಾರವನ್ನೂ ನೋಡ್ತಾರೆ. ಅದು ಬಾಯಲ್ಲಿ ಹೇಳೋದನ್ನಲ್ಲ, ಕೈಯಲ್ಲಿ ಮಾಡೋದನ್ನು.

ನಮ್ಮ ಐದೂ ತಾಲೂಕಿನ ಬದುಕು ಅರ್ಧ ಆಚೆ, ಅರ್ಧ ಈಚೆ. ಕಾಗವಾಡದವನಿಗೆ ಮಿರಜ ಹತ್ತಿರ, ನಿಪ್ಪಾಣಿಯವನಿಗೆ ಕೊಲ್ಹಾಪುರ ಹತ್ತಿರ. ದವಾಖಾನಿ ಅಲ್ಲಿ, ಸಂತಿ ಇಲ್ಲಿ. ಬೀಗರು ಎರಡೂ ಕಡೆ. 2021ರ ಜುಲೈ 31ರಂದು ಕರ್ನಾಟಕ ಸರಕಾರ ಒಂದು ಆದೇಶ ಹೊರಡಿಸಿತು: ಮಹಾರಾಷ್ಟ್ರ, ಕೇರಳದಿಂದ ಬರುವವರು ಲಸಿಕೆ ಹಾಕಿಸಿಕೊಂಡಿದ್ದರೂ ಸರಿ, 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತರಲೇಬೇಕು. ಸೋಂಕು ಒಳಗೆ ಬರದಿರಲಿ ಅನ್ನೋದು ಉದ್ದೇಶ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಕೊಗನೋಳಿ ಚೆಕ್‌ಪೋಸ್ಟಿನಲ್ಲಿ ಎರಡು ಡೋಸಿನ ಸರ್ಟಿಫಿಕೇಟ್ ಹಿಡಿದು ನಿಂತವನಿಗೆ ಆ ಆದೇಶ ಏನು ಹೇಳಿತು? 'ಇದಕ್ಕ ಕಿಮ್ಮತ್ತಿಲ್ಲ' ಅಂತ ಹೇಳಿತು. ಅವನು ಊರಿಗೆ ಬಂದು ಕಟ್ಟೆ ಮೇಲೆ ಕೂತು ಏನು ಹೇಳಿರಬೇಕು ಅಂತ ಊಹೆ ಮಾಡಿ. ಒಂದು ಕಡೆ 'ಹಾಕಿಸಿಕೊಳ್ರಿ' ಅಂತ ಮೈಕು, ಇನ್ನೊಂದು ಕಡೆ 'ಹಾಕಿಸಿಕೊಂಡರೂ ಅಷ್ಟೇ' ಅಂತ ಬ್ಯಾರಿಕೇಡು.

ಅದಾದ ಮೇಲೆ ಜಬರ್ದಸ್ತಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿ 'ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ' ಅನ್ನೋ ಮಾತು ಬಂತು. ಅಕ್ಕಿ ಕಸಿದುಕೊಂಡು ಕೊಡೋದು ಔಷಧಿಯಾಗಿ ಕಾಣೋದಿಲ್ಲ, ಶಿಕ್ಷೆಯಾಗಿ ಕಾಣುತ್ತೆ. 2022ರ ಮೇ 2ರಂದು ಸುಪ್ರೀಂ ಕೋರ್ಟು ಯಾರನ್ನೂ ಬಲವಂತವಾಗಿ ಲಸಿಕೆಗೆ ಒಳಪಡಿಸುವಂತಿಲ್ಲ ಅಂತ ಹೇಳಿತು. ಸರಿಯಾದ ಮಾತು.

ಈ ಪಾಠ ನಮ್ಮ ಭಾಗಕ್ಕೆ ಹೊಸದೇನಲ್ಲ. ಆಗ ನಮ್ಮ ಬೆಳಗಾವಿಯೂ ಮುಂಬೈ ಪ್ರಾಂತ್ಯದಲ್ಲಿತ್ತು. ಪ್ಲೇಗ್ ಬಂದಾಗ ಪುಣೆಯಲ್ಲಿ ಸಿಪಾಯಿಗಳು ಮನೆಮನೆಗೆ ನುಗ್ಗಿದರು. ಅದರ ಸಿಟ್ಟಿಗೆ 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ ಸಹೋದರರ ಗುಂಡು ಹಾರಿತು. ಮರುವರ್ಷ ಅದೇ ಪ್ರಾಂತ್ಯದ ಹುಬ್ಬಳ್ಳಿಯಲ್ಲಿ ಹಾಫ್ಕಿನ್‌ನ ಪ್ಲೇಗ್ ಲಸಿಕೆಯನ್ನು 30 ಸಾವಿರಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ಆ ಲಸಿಕೆಯೇನು ಸುಖದ್ದಲ್ಲ, ಜ್ವರ ಬರುತ್ತಿತ್ತು, ತೋಳು ಬಾಯುತ್ತಿತ್ತು. ಅಷ್ಟು ಚಿಕ್ಕ ಊರಲ್ಲಿ ಅಷ್ಟು ಜನ, ಒಬ್ಬರನ್ನು ನೋಡಿ ಇನ್ನೊಬ್ಬರು ಬಾರದೆ ಬಂದಾರೇ?

ನಮಗೆ ಕಾಣೋ ಊರು, ನಿಜವಾದ ಊರು

ಮತ್ತೆ ಆ ಇನ್ನೂರು ಮಂದಿಯ ಗ್ರೂಪಿಗೆ ಬರೋಣ. ನಾಲ್ಕು ಜನ ದಿನಾ ಹತ್ತು ಫಾರ್ವರ್ಡ್ ಹಾಕ್ತಾರೆ. ಉಳಿದವರು ಸುಮ್ಮನಿದ್ದಾರೆ. ಹೊಸದಾಗಿ ನೋಡೋನಿಗೆ ಏನನ್ನಿಸುತ್ತೆ? ಊರಿಗೆ ಊರೇ ಲಸಿಕೆಯ ವಿರುದ್ಧ ಇದೆ ಅನ್ನಿಸುತ್ತೆ. ಅವನೂ ಸುಮ್ಮನಾಗ್ತಾನೆ. ಅವನ ಮೌನ ನೋಡಿ ಮುಂದಿನವನು ಸುಮ್ಮನಾಗ್ತಾನೆ. ಹೀಗೆ ಯಾರೂ ನಂಬದ ಮಾತು ಎಲ್ಲರ ಮಾತಾಗಿಬಿಡುತ್ತೆ.

ಇದು ಬರೀ ನನ್ನ ತರ್ಕ ಅಲ್ಲ. ಕೊರೊನಾ ಕಾಲದಲ್ಲಿ ಭಾರತವೂ ಸೇರಿ 23 ದೇಶಗಳಲ್ಲಿ ನಡೆದ ಒಂದು ದೊಡ್ಡ ಸಮೀಕ್ಷೆಯಲ್ಲಿ ಇದೇ ಕಂಡಿತು. ತಮ್ಮ ಸುತ್ತಲಿನವರಲ್ಲಿ ಎಷ್ಟು ಜನ ಲಸಿಕೆ ತಗೋತಾರೆ ಅಂತ ಕೇಳಿದರೆ ಜನ ನಿಜಕ್ಕಿಂತ ಕಡಿಮೆ ಅಂದಾಜು ಹೇಳಿದರು. 'ಇಲ್ಲ, ನಿಮ್ಮ ದೇಶದಲ್ಲಿ ಇಷ್ಟು ಜನ ತಗೋತೀವಿ ಅಂದಿದ್ದಾರೆ' ಅಂತ ನಿಜ ಲೆಕ್ಕ ತೋರಿಸಿದಾಗ, ತಾವೂ ತಗೋತೀವಿ ಅನ್ನೋರು ಹೆಚ್ಚಾದರು. ಹೆದರಿಸಿದ್ದಲ್ಲ, ಬೈದದ್ದಲ್ಲ, ಪಾಠ ಮಾಡಿದ್ದೂ ಅಲ್ಲ. ಅಕ್ಕಪಕ್ಕದವರ ಲೆಕ್ಕ ಹೇಳಿದ್ದು, ಅಷ್ಟೇ.

ನಮ್ಮ ಟಿವಿ, ಪೇಪರು ಇದರ ಉಲ್ಟಾ ಮಾಡಿದವು. ಲಸಿಕೆ ಅಂದ ಕೂಡಲೇ ಮರ ಹತ್ತಿ ಕೂತವನು, ನರ್ಸಿಗೆ ಬೈದ ಮುದುಕಿ, ಬಾಗಿಲು ಹಾಕ್ಕೊಂಡ ಓಣಿ. ನೋಡೋಕೆ ಮಜಾ, ನಗೋಕೆ ಮಜಾ. ಆದರೆ ಪ್ರತಿ ಸಲ ಅದನ್ನು ತೋರಿಸಿದಾಗ 'ನಿಮ್ಮಂಥವರು ಹಾಕಿಸಿಕೊಳ್ಳೋದಿಲ್ಲ' ಅಂತ ಹಳ್ಳಿಗೆ ಹೇಳಿದ ಹಾಗೆ. ಅದೇ ದಿನ ಸಾಲಿನಲ್ಲಿ ನಿಂತು ಹಾಕಿಸಿಕೊಂಡ ಮುನ್ನೂರು ಜನರ ಫೋಟೋ ಯಾಕೆ ಸುದ್ದಿ ಆಗಲಿಲ್ಲ?

ಹಾಗಾದರೆ ಮಾತು ಯಾರಿಂದ ಹೊರಡಬೇಕು? ಇದಕ್ಕೆ ಉತ್ತರ ಕರ್ನಾಟಕದ ಹಳ್ಳಿಗಳಿಂದಲೇ ಸಿಕ್ಕಿದೆ. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೋ, ಮ್ಯಾಥ್ಯೂ ಜಾಕ್ಸನ್ ಅನ್ನೋ ನಾಲ್ವರು ನಮ್ಮ ರಾಜ್ಯದ ಹಳ್ಳಿಗಳ ಸಂಬಂಧಗಳ ಜಾಲ ಅಧ್ಯಯನ ಮಾಡಿದ್ದರು. ಯಾರ ಮನೆಗೆ ಯಾರು ಹೋಗ್ತಾರೆ, ಯಾರು ಯಾರಿಗೆ ಸಾಲ ಕೊಡ್ತಾರೆ ಅಂತೆಲ್ಲ. ಆಮೇಲೆ ಜನರಿಗೆ ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಊರಲ್ಲಿ ಒಂದು ಜಾತ್ರೆಯೋ ನಾಟಕವೋ ಮಾಡಬೇಕು, ಎಲ್ಲರಿಗೂ ಸುದ್ದಿ ಮುಟ್ಟಬೇಕು ಅಂದರೆ ಯಾರಿಗೆ ಹೇಳಬೇಕು? ಜನ ಹೇಳಿದ ಹೆಸರುಗಳು ಜಾಲದ ಗಣಿತ ಮಾಡಿ ತೆಗೆದ ಹೆಸರುಗಳಿಗೆ ತಾಳೆ ಆದವು. ನಾವು ಆಫೀಸಿನಲ್ಲಿ ಗ್ರಾಫ್ ಅಲ್ಗಾರಿದಮ್ ಬರೆದು ಕಂಡುಹಿಡಿಯೋದನ್ನು ಊರ ಮಂದಿ ಬಾಯಲ್ಲೇ ಹೇಳಿದರು. ಅದೇ ತಂಡ ಹರಿಯಾಣದಲ್ಲಿ, ಹೀಗೆ ಊರವರೇ ಹೆಸರಿಸಿದ ಮಾತುಗಾರರ ಮೂಲಕ ಮಕ್ಕಳ ಲಸಿಕೆ ಶಿಬಿರದ ಸುದ್ದಿ ಬಿಟ್ಟಿತು. ಲಸಿಕೆಗೆ ಬಂದ ಮಕ್ಕಳ ಸಂಖ್ಯೆ ಶೇ. 22ರಷ್ಟು ಹೆಚ್ಚಿತು.

ಈಗ ನಮ್ಮಲ್ಲಿ ಅಂಥವರು ಯಾರು ಅಂತ ಯೋಚಿಸಿ. ಚಿಂಚಲಿ ಮಾಯಕ್ಕನ ಜಾತ್ರೆಗೆ ಎರಡು ರಾಜ್ಯದ ಜನ ಸೇರ್ತಾರಲ್ಲ, ಅಷ್ಟು ಮಂದಿಗೆ ಆರೋಗ್ಯ ಇಲಾಖೆ ಫ್ಲೆಕ್ಸ್ ಹಾಕಿ ಕರೆದಿರ್ತದಾ? ಸುದ್ದಿ ಹೋಗೋದು ಡೈರಿಯಲ್ಲಿ ಹಾಲು ಅಳೆಯೋ ಅಕ್ಕನಿಂದ, ನಿಪ್ಪಾಣಿಯಲ್ಲಿ ಬೀಡಿ ಕಟ್ಟೋ ಹೆಣ್ಣುಮಕ್ಕಳ ಗುಂಪಿನಿಂದ, ಅಥಣಿಯ ಚಪ್ಪಲಿ ಹೊಲಿಯೋ ಓಣಿಯಿಂದ, ಹಿಟ್ಟಿನ ಗಿರಣಿಯಿಂದ, ಕಟಿಂಗ್ ಅಂಗಡಿಯಿಂದ. ಇವರಲ್ಲಿ ಯಾರನ್ನಾದರೂ ಕೂರಿಸಿ ಚಹಾ ಕೊಟ್ಟು 'ನಿಮ್ಮ ಮಾತಿನಿಂದ ಆಗುತ್ತೆ' ಅಂತ ಕೇಳಿದ ಒಬ್ಬ ಅಧಿಕಾರಿಯನ್ನು ನಾನು ನೋಡಿಲ್ಲ. ಕೇಳಿದ್ದೆಲ್ಲ ಆಶಾ ಅಕ್ಕನನ್ನು. ಗುರಿ ಮುಟ್ಟದಿದ್ದರೆ ಬೈದದ್ದೂ ಆಕೆಯನ್ನೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. ಊರು ಕೊಟ್ಟದ್ದು ಬಾಗಿಲು ಹಾಕಿದ ಸದ್ದು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಎಲ್ಲವನ್ನೂ ರೂಢಿಯ ತಲೆಗೆ ಕಟ್ಟೋದೂ ತಪ್ಪು. ಕಾರ್ಖಾನೆ ಶುರುವಾದ ಮೇಲೆ ನಮ್ಮ ಕಡೆ ಕಬ್ಬು ಕಡಿಯೋಕೆ ಹೊರಗಿನ ಗ್ಯಾಂಗು ಬರ್ತಾವೆ. ಹೊಲದ ಬದಿಯ ಗುಡಿಸಲಲ್ಲಿ ಮಕ್ಕಳು. ಅವರ ಡೋಸು ತಪ್ಪಿದರೆ ಅದು ನಂಬಿಕೆಯ ಸಮಸ್ಯೆ ಅಲ್ಲ. ಊರಿನ ರಿಜಿಸ್ಟರಿನಲ್ಲಿ ಅವರ ಹೆಸರೇ ಇರಲ್ಲ, ಕೇಳೋ ಅತ್ತೆಯೂ ಇಲ್ಲ, ಬಾಜೂ ಮನೆಯೂ ಇಲ್ಲ. ಅಲ್ಲಿಗೆ ಲಸಿಕೆಯೇ ನಡೆದು ಹೋಗಬೇಕು.

ನಂಬಿಕೆ ಮುರಿದರೆ

'ಹಂಗಾದ್ರ ಎಲ್ಲಾರೂ ಹಾಕಿಸಿಕೊಂಡಾರ, ನೀನೂ ಹಾಕಿಸ್ಕೋ ಅಂತ ಕಣ್ಣು ಮುಚ್ಚಿ ಹೇಳಬೇಕೇನು?' ಅಂತ ಕೇಳೋರಿದ್ದಾರೆ. ಇಲ್ಲ. 2022ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಎಳೆಮಕ್ಕಳಲ್ಲಿ ಮೂರು ತೀರಿಕೊಂಡವು. ಲಸಿಕೆಯನ್ನು ಇಟ್ಟು ನಿರ್ವಹಿಸಿದ ರೀತಿಯಲ್ಲೇ ಲೋಪ ಅನ್ನೋ ಮಾತು ಬಂತು, ಸಿಬ್ಬಂದಿ ಅಮಾನತಾದರು. ಊರವರ ಮಾತು ಕೇಳಿ, ಆಶಾ ಅಕ್ಕನನ್ನು ನಂಬಿ ಮಗುವನ್ನು ಎತ್ತಿಕೊಂಡು ಬಂದ ತಾಯಂದಿರು ಅವರು. ರೂಢಿಯನ್ನು ಪಾಲಿಸಿದವರು. ಅವರ ಎದುರು ನಿಂತು 'ಭಯ ಬೇಡ' ಅನ್ನೋಕೆ ಯಾರಿಗೂ ಬಾಯಿಲ್ಲ.

ಅದಕ್ಕೇ ಹೇಳೋದು, ರೂಢಿ ಅನ್ನೋದು ಸಾಲ ಇದ್ದ ಹಾಗೆ. ಊರು ನಂಬಿಕೆಯನ್ನು ಕೈಗಡ ಕೊಟ್ಟಿರ್ತದೆ, ಸರಕಾರ ಅದನ್ನು ಬಡ್ಡಿ ಸಮೇತ ತೀರಿಸಬೇಕು. ಹೇಗೆ? ಏನಾಯಿತು, ಯಾಕಾಯಿತು, ಯಾರ ತಪ್ಪು, ಮುಂದೆ ಆಗದಂತೆ ಏನು ಬದಲಾಯಿಸಿದ್ದೀವಿ ಅನ್ನೋದನ್ನು ಅದೇ ಊರಿನ ಕಟ್ಟೆಗೆ ಬಂದು ಕನ್ನಡದಲ್ಲಿ ಹೇಳಬೇಕು. ಆಸ್ಟ್ರಾಜೆನೆಕಾ ವಿಷಯದಲ್ಲೂ ಅಷ್ಟೇ. ಅಪರೂಪದ ಅಪಾಯ ಇದೆ ಅಂತ 2021ರಲ್ಲೇ ಪಿಎಚ್‌ಸಿ ಗೋಡೆಗೆ ಬರೆದು ಹಾಕಿದ್ದರೆ 2024ರಲ್ಲಿ ಅದು 'ಮುಚ್ಚಿಟ್ಟ ಸತ್ಯ' ಆಗುತ್ತಿರಲಿಲ್ಲ. ಮುಚ್ಚಿಟ್ಟದ್ದು ನಾಳೆ ಫಾರ್ವರ್ಡ್ ಆಗಿ ಬರುತ್ತೆ, ಅದೂ ಹತ್ತು ಪಟ್ಟು ಉಬ್ಬಿಕೊಂಡು.

ಮುಂದಿನ ಸೂಜಿ ಹೆಣ್ಣುಮಕ್ಕಳದ್ದು

ಇಷ್ಟೆಲ್ಲ ಈಗ ಯಾಕೆ ಅಂದರೆ, ಕೊರೊನಾಕ್ಕಿಂತ ನಾಜೂಕಾದ ಪರೀಕ್ಷೆ ಬಾಗಿಲಲ್ಲಿದೆ. 2024ರ ಫೆಬ್ರವರಿ 1ರ ಮಧ್ಯಂತರ ಬಜೆಟ್ಟಿನಲ್ಲಿ ಹಣಕಾಸು ಸಚಿವರು 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಪ್ರೋತ್ಸಾಹಿಸ್ತೀವಿ ಅಂದರು. ಭಾರತದಲ್ಲಿ 2020ರ ಒಂದೇ ವರ್ಷದಲ್ಲಿ ಸುಮಾರು 1.23 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂತು, 77 ಸಾವಿರ ಹೆಂಗಸರು ಸತ್ತರು ಅನ್ನೋದು ಜಾಗತಿಕ ಕ್ಯಾನ್ಸರ್ ಅಂದಾಜು. ಇದಕ್ಕೆ ಕಾರಣವಾದ ಎಚ್‌ಪಿವಿ ವೈರಸ್ಸಿಗೆ ಲಸಿಕೆ ಇದೆ. 2023ರಿಂದ ನಮ್ಮ ದೇಶದ್ದೇ ಆದ ಸರ್ವಾವ್ಯಾಕ್ ಕೂಡ ಇದೆ. ಮಾಡೋದು ಪುಣೆಯ ಸೀರಂ ಸಂಸ್ಥೆ. ಹೌದು, ಕೋವಿಶೀಲ್ಡ್ ಮಾಡಿದ ಅದೇ ಸಂಸ್ಥೆ. ನಮ್ಮ ನಾಲ್ಕು ಜನಕ್ಕೆ ಇಷ್ಟು ಸಾಕು.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಈ ವೈರಸ್ ಹರಡೋದು ಗಂಡು-ಹೆಣ್ಣಿನ ಕೂಡುವಿಕೆಯಿಂದ. ಮದುವೆಯಾಗಿ ಗಂಡನಿಂದಲೇ ಬರಬಹುದು, ಬಹಳ ಸಲ ಬರೋದೂ ಹಾಗೇ. ಲಸಿಕೆ ಚೆನ್ನಾಗಿ ಕೆಲಸ ಮಾಡೋದು ಅದಕ್ಕೆ ಮುಂಚೆ ಹಾಕಿದಾಗ, ಅದಕ್ಕೇ 9ರಿಂದ 14ರ ವಯಸ್ಸು. ಆದರೆ ನಮ್ಮ ಊರಲ್ಲಿ ಪ್ರಶ್ನೆ ಹೇಗೆ ಬರುತ್ತೆ ನನಗೆ ಚೆನ್ನಾಗಿ ಗೊತ್ತು: 'ಈಗ ಯಾಕ ಹುಡಗಿಗೆ ಆ ಸೂಜಿ? ಏನರ ಭಾನಗಡಿ ಮಾಡ್ಯಾಳೇನು? ನಾಳೆ ಲಗ್ನದಾಗ ಯಾರರ ಕೇಳಿದ್ರ?' ಇಲ್ಲಿ 'ಮಂದಿ ಏನಂತಾರ' ಅನ್ನೋ ಭಯ ಒಂದು ಜ್ವರದ ಭಯ ಅಲ್ಲ. ಒಂದು ಹುಡುಗಿಯ ಹೆಸರಿನ ಭಯ. ಅದನ್ನು ಅಜ್ಞಾನ ಅಂತ ತಳ್ಳಿಹಾಕಿದರೆ ಮುಗಿಯಿತು, ಒಂದೇ ಒಂದು ಮನೆಯ ಬಾಗಿಲೂ ತೆರೆಯಲ್ಲ.

ದಾರಿ ಇದೆ. ಸಿಕ್ಕಿಂನಲ್ಲಿ 2018ರಲ್ಲಿ ಶಾಲೆಗಳ ಮೂಲಕ 9ರಿಂದ 13 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 97ರಷ್ಟು ಮಂದಿಗೆ ಮೊದಲ ಡೋಸು ಹಾಕಿದರು. ಇಡೀ ತರಗತಿ, ಒಂದೇ ದಿನ. ಎಲ್ಲರೂ ಹಾಕಿಸಿಕೊಂಡಾಗ ಯಾವ ಹುಡುಗಿಯ ಮೇಲೂ ಬೆರಳು ತೋರಿಸೋಕೆ ಜಾಗ ಇರಲ್ಲ. ಒಬ್ಬೊಬ್ಬರೇ ಗುಟ್ಟಾಗಿ ಮಿರಜಿಗೋ ಕೊಲ್ಹಾಪುರಕ್ಕೋ ಹೋಗಿ ದುಡ್ಡು ಕೊಟ್ಟು ಹಾಕಿಸಿಕೊಂಡು ಬಂದರೆ, ಅದೇ ಗುಟ್ಟು ಉಳಿದವರ ಪಾಲಿಗೆ ಅನುಮಾನ ಆಗುತ್ತೆ. ಉಳ್ಳವರ ಮಗಳು ಬದುಕ್ತಾಳೆ, ಬೀಡಿ ಕಟ್ಟೋಳ ಮಗಳು ನಲವತ್ತೈದಕ್ಕೆ ಅದೇ ಮಿರಜದ ಕ್ಯಾನ್ಸರ್ ವಾರ್ಡಿಗೆ ಬರ್ತಾಳೆ.

ಹಾಗಂತ ಸಹಿ ಕದಿಯೋದೂ ಬೇಡ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂನಲ್ಲಿ, ಗುಜರಾತಿನ ವಡೋದರಾದಲ್ಲಿ ಇದೇ ಲಸಿಕೆಯ ಯೋಜನೆ ನಡೆದಾಗ ಏಳು ಹುಡುಗಿಯರು ಸತ್ತರು. ಸಾವಿಗೂ ಲಸಿಕೆಗೂ ಸಂಬಂಧ ಸಾಬೀತಾಗಲಿಲ್ಲ. ಆದರೆ ಖಮ್ಮಂನಲ್ಲಿ ಎಷ್ಟೋ ಒಪ್ಪಿಗೆ ಪತ್ರಗಳಿಗೆ ತಂದೆತಾಯಿ ಬದಲು ಹಾಸ್ಟೆಲ್ಲಿನವರೇ ಸಹಿ ಹಾಕಿದ್ದು ಹೊರಬಿತ್ತು. ಯೋಜನೆ ನಿಂತಿತು, ಸಂಸತ್ತಿನ ಸಮಿತಿ ಛೀಮಾರಿ ಹಾಕಿತು. ಕೇಳದೆ ಮಾಡಿದ ಒಳ್ಳೆಯ ಕೆಲಸವೂ ಊರಿಗೆ ಕಳವಿನ ಹಾಗೇ ಕಾಣುತ್ತೆ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಸರಕಾರ ಇದನ್ನು ಶಾಲೆಯಲ್ಲಿ, ಪುಕ್ಕಟೆ, ಇಡೀ ತರಗತಿಗೆ, ಪಾಲಕರನ್ನು ಕೂರಿಸಿ ಮಾತಾಡಿಸಿದ ಮೇಲೆ ಕೊಡಲಿ. ಗಡಿಯ ಆಚೆ ಮಹಾರಾಷ್ಟ್ರದಲ್ಲೂ ಅದೇ ಹೊತ್ತಿಗೆ ಕೊಡಲಿ, ಯಾಕಂದರೆ ನಮ್ಮ ಬೀಗರು ಅಲ್ಲಿದ್ದಾರೆ. 'ಅವರ ಕಡೆ ಇಲ್ಲ, ನಿಮ್ಮ ಕಡೆ ಯಾಕ?' ಅನ್ನೋ ಒಂದು ಪ್ರಶ್ನೆಗೆ ಲಗ್ನ ಮುರಿಯೋ ತಾಕತ್ತಿದೆ. ಮಠದ ಸ್ವಾಮಿಗಳು, ಬಸದಿಯ ಹಿರಿಯರು, ಮಸೀದಿಯ ಮೌಲಾನಾ, ಸಕ್ಕರೆ ಕಾರ್ಖಾನೆಯ ಡೈರೆಕ್ಟರು, ಹೈಸ್ಕೂಲಿನ ಹೆಡ್‌ಮಾಸ್ತರು ಬಾಯಿ ಬಿಡಲಿ. 2021ರಲ್ಲಿ ಇವರಲ್ಲಿ ಎಷ್ಟೋ ಜನ ಮೊದಲ ಸಾಲಿನಲ್ಲೇ ಹಾಕಿಸಿಕೊಂಡರು, ಆದರೆ ಊರ ಮುಂದೆ ಹೇಳಲಿಲ್ಲ. ತಮ್ಮ ಜೀವ ಉಳಿಸಿಕೊಂಡರು, ತಮ್ಮ ಮಾತನ್ನು ಮಾತ್ರ ಉಳಿತಾಯ ಮಾಡಿದರು.

ಇಲ್ಲಿ ಯಾವ ಹುಡುಗಿಯೂ ತೋಳು ತೋರಿಸಬೇಕಾಗಿಲ್ಲ. ಅದು ಅವಳ ಮೈ, ಅವಳ ಮರ್ಜಿ. ಹೇಳಬೇಕಾದವರು ಅಪ್ಪಂದಿರು. ಲಸಿಕೆ ವಿಷಯ ಬಂದ ಕೂಡಲೇ 'ಅದು ಹೆಂಗಸರ ವಿಚಾರ' ಅಂತ ಎದ್ದು ಹೋಗೋ ನಮ್ಮ ಗಂಡಸರು. ಡೈರಿ ಮುಂದೆ, ಕಟಿಂಗ್ ಅಂಗಡಿಯಲ್ಲಿ, ಬೀಗರ ಮನೆಯಲ್ಲಿ, ಯಾರೂ ಕೇಳದಿದ್ದರೂ ಒಂದು ಸಾಲು ಹೇಳಿದರೆ ಸಾಕು: 'ನಮ್ಮ ಹುಡಗಿಗೆ ಕ್ಯಾನ್ಸರ್ ಸೂಜಿ ಹಾಕ್ಸೀನಿ. ನಿಮ್ಮಾಕಿಗೆ?'